ಕಟ್ಟೆ, ಅರವಟ್ಟಿಗೆ, ಛತ್ರ, ಬಂಗಲೆ: ಬಂಟ್ವಾಳ–ಬೆಳ್ತಂಗಡಿ ಮಾರ್ಗದ ಹಿಂದಣ ವಿಶ್ರಾಂತಿಸ್ಥಾನಗಳು

ಗತಿಸಿಹೋದ ವಸತಿಗೃಹಗಳನ್ನು ಕುರಿತು ಮಾತನಾಡುವಾಗ ಮನುಷ್ಯನ ಮನಸ್ಸು ಸಹಜವಾಗಿಯೇ ಮೃದುವಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ವಿಹಾರೋದ್ಯಾನಗಳಿಗೆ ಸೇರಿದ ಹೋಟೆಲುಗಳ ಹಿಂದಿನ ಹಜಾರಗಳನ್ನೂ ಅಲ್ಲಿ ದೊರೆಯುತ್ತಿದ್ದ ಸೌಕರ್ಯಗಳನ್ನೂ ನೆನೆದು ಬರೆಯುವ ವಾಡಿಕೆಯುಂಟು. ನಮ್ಮ ನಾಡಿನಲ್ಲಿಯೂ ಕೃಷ್ಣರಾಜಸಾಗರದ ಬೃಂದಾವನದ ಬಳಿಯ ಹೋಟೆಲನ್ನು ಇದೇ ಬಗೆಯ ಪ್ರೀತಿಯಿಂದ ಸ್ಮರಿಸುವವರಿದ್ದಾರೆ. ಆದರೆ ಇಂತಹ ನೆನಪುಗಳು ಹಣ ಕೊಟ್ಟು ತಂಗಬಲ್ಲವರ ನೆನಪುಗಳು. ಮಾರ್ಗದ ಬದಿಯಲ್ಲಿ ಕುಳಿತು ದಣಿವಾರಿಸಿಕೊಂಡು ಮುಂದೆ ನಡೆದ ಸಾಮಾನ್ಯ ಜನರಿಗೆ ಯಾವ ಹಜಾರವಿದ್ದಿತು, ಯಾವ ಸೌಕರ್ಯವಿದ್ದಿತು, ಅದನ್ನು ಒದಗಿಸಿದವರು ಯಾರು, ಅದು ಏಕೆ ಇಲ್ಲವಾಯಿತು ಎಂಬ ಪ್ರಶ್ನೆಗಳಿಗೆ ಇತಿಹಾಸವು ಉತ್ತರ ಹೇಳಬೇಕಾಗಿದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ–ಬೆಳ್ತಂಗಡಿ ಮಾರ್ಗವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಊರ ಹೆಸರುಗಳ ಸಾಕ್ಷ್ಯ

ಪುಂಜಾಲಕಟ್ಟೆಯು ಬಂಟ್ವಾಳ ತಾಲೂಕಿನಲ್ಲಿ, ಬೆಳ್ತಂಗಡಿ ತಾಲೂಕಿನ ಗಡಿಗೆ ಸಮೀಪವಾಗಿ ಇರುವ ಒಂದು ಸಣ್ಣ ಪೇಟೆ. ಮಂಗಳೂರಿನಿಂದ ಹೊರಟ ಹೆದ್ದಾರಿಯು ಫರಂಗಿಪೇಟೆ, ಬಂಟ್ವಾಳಗಳನ್ನು ದಾಟಿ ಇಲ್ಲಿಗೆ ಬಂದು, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಮುಂಡಾಜೆಗಳ ಮೂಲಕ ಚಾರ್ಮಾಡಿ ಘಾಟಿಯನ್ನೇರಿ ಕೊಟ್ಟಿಗೆಹಾರಕ್ಕೂ ಮೂಡಿಗೆರೆಗೂ ಹೋಗುತ್ತದೆ. ಈ ಲೇಖಕನು ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಪುಂಜಾಲಕಟ್ಟೆಯಲ್ಲಿ ಬಸ್ಸಿಗಾಗಿ ಕಾದು ನಿಂತದ್ದುಂಟು. ಊರಿನ ಹೆಸರಿನಲ್ಲಿಯೇ ಕುಳಿತುಕೊಳ್ಳುವ ಸ್ಥಳವೊಂದು ಅಡಗಿದೆಯೆಂಬುದು ಆಗ ಒಮ್ಮೆಯೂ ಹೊಳೆದಿರಲಿಲ್ಲ.

ಮರದ ಬುಡಕ್ಕೆ ಸುತ್ತಲೂ ಕಲ್ಲು ಮಣ್ಣುಗಳಿಂದ ಎತ್ತರಿಸಿ ಕಟ್ಟಿದ ಜಗಲಿಗೆ ಕಟ್ಟೆಯೆಂದು ಹೆಸರು. ಅಶ್ವತ್ಥವೋ ಆಲವೋ ಮಾವೋ ನೆರಳು ಕೊಡುತ್ತದೆ. ಮುರಕಲ್ಲಿನ ಕಟ್ಟಡ ಕುಳಿತುಕೊಳ್ಳಲು ಆಸನವಾಗುತ್ತದೆ. ತಲೆಯ ಮೇಲೆ ಹೊರೆ ಹೊತ್ತವನಿಗೆ ಆ ಕಟ್ಟಡದ ಎತ್ತರವೂ ಉಪಕಾರಿ. ಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ಎತ್ತಿ ತಲೆಗೇರಿಸಲು ಇನ್ನೊಬ್ಬರ ಸಹಾಯ ಬೇಕು. ಎದೆಯ ಮಟ್ಟದ ಕಲ್ಲಿನ ಮೇಲೆ ಇಳಿಸಿದರೆ ಒಬ್ಬನೇ ಮತ್ತೆ ಹೊರಬಲ್ಲನು. ಆದುದರಿಂದ ಮಾರ್ಗದ ಬದಿಯ ಕಟ್ಟೆಯು ಭಾರ ಹೊತ್ತು ನಡೆಯುವವರ ಅನುಭವದಿಂದ ರೂಪುಗೊಂಡ ಉಪಕರಣವೆಂದೇ ಹೇಳಬೇಕು.

ಸುತ್ತಲಿನ ಊರುಗಳ ಹೆಸರುಗಳನ್ನು ಒಟ್ಟಿಗೆ ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಪುಂಜಾಲಕಟ್ಟೆ, ಕಾವಳಕಟ್ಟೆ, ಮೂಡಬಿದಿರೆಯ ದಾರಿಯ ಸಿದ್ಧಕಟ್ಟೆ, ಇವು ಕಟ್ಟೆಯಿಂದ ಹೆಸರು ಪಡೆದ ಊರುಗಳು. ಬೆಳ್ತಂಗಡಿ, ಉಪ್ಪಿನಂಗಡಿ, ಅಳದಂಗಡಿ, ಇವು ಅಂಗಡಿಯಿಂದ. ಗುರುವಾಯನಕೆರೆಯ ಹೆಸರು ಕೆರೆಯಿಂದ ಬಂದಿದೆ. ಕೂರಲು ನೆರಳು, ಕೊಳ್ಳಲು ದಿನಸಿ, ಜನಕ್ಕೂ ಎತ್ತುಗಳಿಗೂ ನೀರು, ಹೀಗೆ ದಾರಿಹೋಕನಿಗೆ ಬೇಕಾದ ಮೂರು ಮುಖ್ಯ ವಸ್ತುಗಳು ಈ ಹೆಸರುಗಳಲ್ಲಿವೆ. ಆದರೆ ಹೆಸರೊಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ಯುಕ್ತವಲ್ಲ. ತುಳುನಾಡಿನಲ್ಲಿ ಕಟ್ಟೆಗೆ ಬೇರೆ ಉಪಯೋಗಗಳೂ ಉಂಟು. ಉತ್ಸವಕಾಲದಲ್ಲಿ ದೇವರ ಸವಾರಿಯು ಕಟ್ಟೆಯಲ್ಲಿ ತಂಗಿ ಕಟ್ಟೆಪೂಜೆಯನ್ನು ಸ್ವೀಕರಿಸುತ್ತದೆ. ಊರಿನ ಹಿರಿಯರು ನ್ಯಾಯ ತೀರ್ಮಾನಿಸಲು ಕೂರುವುದೂ ಕಟ್ಟೆಯಲ್ಲಿಯೇ. ಆದರೂ ಸವಾರಿ ಹೊರಟ ದೇವರಿಗೂ ನಡುದಾರಿಯಲ್ಲಿ ಒಂದು ಆಸನ ಬೇಕೆಂದು ಭಾವಿಸಿದ ಜನರು ನಡೆಯುವ ಮನುಷ್ಯನ ದಣಿವನ್ನು ಬಲ್ಲವರಾಗಿದ್ದರು ಎಂಬುದರಲ್ಲಿ ಸಂದೇಹವಿಲ್ಲ.

ದೂರದ ಲೆಕ್ಕವೂ ಈ ಊಹೆಗೆ ಅನುಕೂಲವಾಗಿದೆ. ಬಂಟ್ವಾಳದ ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಗೆ ಸುಮಾರು 20 ಕಿಲೋಮೀಟರು, ಹಿಂದಣ ಲೆಕ್ಕದಲ್ಲಿ 12 ಮೈಲಿಗಳಷ್ಟು. ಭಾರ ಹೇರಿದ ಎತ್ತಿನ ಗಾಡಿಯು ಏರಿಳಿತದ ದಾರಿಯಲ್ಲಿ ಗಂಟೆಗೆ 2 ಮೈಲಿ ಸಾಗಿದರೆ ಅದು 6 ಗಂಟೆಗಳ ಪ್ರಯಾಣ. ಅಷ್ಟು ಹೊತ್ತಿಗೆ ಎತ್ತುಗಳ ನೊಗ ಕಳಚಲೇಬೇಕು. 1801ರ ಆದಿಯಲ್ಲಿ ಮಂಗಳೂರಿನಿಂದ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳ ಮೂಲಕ ಕಾರ್ಕಳಕ್ಕೆ ಹೋದ ಫ್ರಾನ್ಸಿಸ್ ಬುಕಾನನನು ತನ್ನ ವೃತ್ತಾಂತವನ್ನು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಅದು ದಿನಕ್ಕೊಂದು ತಂಗುದಾಣದಂತೆ ಬರೆದ ದಿನಚರಿ. ಆ ಕಾಲದ ಪ್ರಯಾಣವೆಂದರೆ ತಂಗುದಾಣಗಳ ಮಾಲೆ. ಮಾರ್ಗವು ಅವುಗಳನ್ನು ಪೋಣಿಸಿದ ದಾರ ಮಾತ್ರ.

2. ನೀರಿನ ಧರ್ಮ

ಕಟ್ಟೆಯ ಜೊತೆಗೆ ಹೇಳಬೇಕಾದುದು ಅರವಟ್ಟಿಗೆ. ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆಗಳನ್ನು ಕೊಡುವ ಈ ಚಪ್ಪರವು ಬಹು ಪ್ರಾಚೀನವಾದ ಸಂಸ್ಥೆ. ಅರವಂಟಿಗೆಯೆಂಬ ರೂಪದಲ್ಲಿ ಇದರ ಹೆಸರು ಕನ್ನಡ ಶಾಸನಗಳಲ್ಲಿಯೇ ದೊರೆಯುತ್ತದೆ. ಕೆರೆ ಕಟ್ಟಿಸುವುದು, ದೇಗುಲ ಎತ್ತಿಸುವುದು, ಸತ್ರ ನಡೆಸುವುದು, ಇವುಗಳ ಸಾಲಿನಲ್ಲಿಯೇ ಅರವಟ್ಟಿಗೆಯನ್ನಿಡುವುದನ್ನೂ ನಮ್ಮ ಪೂರ್ವಿಕರು ಪುಣ್ಯಕಾರ್ಯವೆಂದು ಎಣಿಸಿದರು.

ಕರಾವಳಿಯ ಮಾರ್ಗಗಳ ಮಟ್ಟಿಗೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವನ್ನು ಕೊಟ್ಟವನು ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ. ಸುಮಾರು 1342ರಲ್ಲಿ ಈ ತೀರದಲ್ಲಿ ಸಂಚರಿಸಿದ ಈತನು ಗೋವೆಯಿಂದ ಕೊಲ್ಲಂವರೆಗಿನ ಪ್ರದೇಶವನ್ನೆಲ್ಲ ಮಲಬಾರವೆಂದು ಕರೆದು, ಅದರೊಳಗೆ ಬಸ್ರೂರು, ಬಾರಕೂರು, ಮಂಗಳೂರುಗಳನ್ನೂ ಎಣಿಸಿದ್ದಾನೆ. ಈ ಮಾರ್ಗದುದ್ದಕ್ಕೂ ಮರಗಳ ನೆರಳಿತ್ತು. ಅರ್ಧರ್ಧ ಮೈಲಿಗೆ ಒಂದೊಂದು ಮರದ ಮನೆಯಿತ್ತು. ಅದರಲ್ಲಿ ಎಲ್ಲ ಪ್ರಯಾಣಿಕರೂ ಕೂರಲು ಜಗಲಿಗಳಿದ್ದುವು. ಪಕ್ಕದಲ್ಲಿ ಬಾವಿಯೂ ನೀರು ಕೊಡಲು ಒಬ್ಬ ಮನುಷ್ಯನೂ ಇರುತ್ತಿದ್ದರು ಎಂಬುದು ಅವನ ವರ್ಣನೆಯ ಸಾರಾಂಶ. ಸರಕನ್ನು ಜನರೇ ಬೆನ್ನ ಮೇಲೆ ಹೊರುತ್ತಿದ್ದರೆಂದೂ, ದೊಡ್ಡ ವರ್ತಕನ ಹಿಂದೆ ನೂರು ಮಂದಿ ಹೊರೆಯಾಳುಗಳು ಸಾಗುತ್ತಿದ್ದರೆಂದೂ ಅವನು ತಿಳಿಸುತ್ತಾನೆ. ಜಗಲಿ, ನೆರಳು, ನೀರು ಇವು ಏಕೆ ಇಷ್ಟು ಒತ್ತಾಗಿದ್ದುವೆಂಬುದಕ್ಕೆ ಈ ಕೊನೆಯ ಮಾತಿನಲ್ಲಿಯೇ ಉತ್ತರವಿದೆ. ಭಾರ ಹೊತ್ತವನು ಅರ್ಧ ಮೈಲಿಗೊಮ್ಮೆ ನಿಲ್ಲುತ್ತಾನೆ.

ಇದೇ ವರ್ಣನೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ನೀರು ಕೊಡುವವನು ತನ್ನವರಿಗೆ ಪಾತ್ರೆಯಲ್ಲಿ ಕೊಡುತ್ತಿದ್ದನು. ಮುಸಲ್ಮಾನ ಪ್ರಯಾಣಿಕನಿಗೆ ಬೊಗಸೆಗೆ ಎತ್ತಿ ಹೊಯ್ಯುತ್ತಿದ್ದನು. ನೀರು ಎಲ್ಲರಿಗೂ ಇತ್ತು, ಪಾತ್ರೆ ಎಲ್ಲರಿಗೂ ಇರಲಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದಕ್ಕೆ ಮರಳಿ ಬರಬೇಕಾಗಿದೆ.

ಮನೆಗಳ ಜಗಲಿ ಚಾವಡಿಗಳೂ ಇದೇ ಧರ್ಮವನ್ನು ನಡೆಸಿದುವು. ಬಂದವನಿಗೆ ಮೊದಲು ಒಂದು ತುಂಡು ಬೆಲ್ಲವನ್ನೂ ಒಂದು ಚೆಂಬು ನೀರನ್ನೂ ಮುಂದಿಟ್ಟು ಅನಂತರ ಯೋಗಕ್ಷೇಮ ವಿಚಾರಿಸುವುದು ಈ ಜಿಲ್ಲೆಯ ಹಳೆಯ ಪದ್ಧತಿ. ದೇವಾಲಯದ ಜಗಲಿಯಂತೂ ಬಹುಕಾಲದವರೆಗೆ ಪರಸ್ಥಳದವರ ಹಜಾರವಾಗಿತ್ತು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ ಪ್ರಯಾಣ ಮಾಡಿದ ಇಟಲಿಯ ಪಿಯತ್ರೊ ದೆಲ್ಲಾ ವಾಲೆ ಎಂಬಾತನು, ದಾರಿಯಲ್ಲಿ ದೇವಾಲಯವೊಂದರ ಜಗಲಿಯಲ್ಲಿ ಹೊತ್ತು ಕಳೆಯುತ್ತಿದ್ದಾಗ ಚಿಕ್ಕ ಹುಡುಗರು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಒಂದೇ ಜಗಲಿಯು ಪ್ರಯಾಣಿಕನಿಗೆ ತಂಗುದಾಣವೂ ಊರ ಮಕ್ಕಳಿಗೆ ಶಾಲೆಯೂ ಆಗಿದ್ದಿತು.

3. ಧರ್ಮದಿಂದ ಆಡಳಿತಕ್ಕೆ

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಪ್ರಾಂತದ ಮೊದಲ ಕಲೆಕ್ಟರನಾದ ಥಾಮಸ್ ಮನ್ರೋನು ಭೂಕಂದಾಯದ ಏರ್ಪಾಡುಗಳಿಂದ ಪ್ರಸಿದ್ಧನಾದನು. ವಿಶ್ರಾಂತಿಸ್ಥಾನಗಳ ಇತಿಹಾಸದಲ್ಲಿ ಅಷ್ಟೇ ಮುಖ್ಯವಾದುದು ಮದ್ರಾಸ್ ಸರಕಾರವು 1817ರಲ್ಲಿ ಹೊರಡಿಸಿದ 7ನೆಯ ರೆಗ್ಯುಲೇಶನ್. ದೇವಾಲಯ, ಮಸೀದಿಗಳ ದತ್ತಿಗಳ ಜೊತೆಗೆ ಸೇತುವೆ, ಛತ್ರ ಮುಂತಾದ ಸಾರ್ವಜನಿಕ ಕಟ್ಟಡಗಳ ರಕ್ಷಣೆ ಮತ್ತು ದುರಸ್ತಿಯ ಮೇಲ್ವಿಚಾರಣೆಯನ್ನು ಇದು ರೆವಿನ್ಯೂ ಬೋರ್ಡಿಗೆ ಒಪ್ಪಿಸಿತು. ಅದುವರೆಗೆ ದಾನಿಯ ಪುಣ್ಯವಾಗಿದ್ದ ಛತ್ರವು ಅಂದಿನಿಂದ ಕಡತದ ವಿಷಯವಾಯಿತು. 1884ರ ಮದ್ರಾಸ್ ಸ್ಥಳೀಯ ಮಂಡಳಿಗಳ ಕಾಯಿದೆಯಂತೆ ಜಿಲ್ಲಾ ಬೋರ್ಡುಗಳೂ ತಾಲೂಕು ಬೋರ್ಡುಗಳೂ ಏರ್ಪಟ್ಟ ಮೇಲೆ ರಸ್ತೆ, ಸಾಲುಮರ, ಬಾವಿ, ಛತ್ರಗಳು ಅವುಗಳ ಖರ್ಚಿನ ಬಾಬುಗಳಾದುವು.

ಈ ಬದಲಾವಣೆಯ ಹಿಂದೆ ವ್ಯಾಪಾರದ ಒತ್ತಡವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳು ಬೆಳೆದಂತೆ ಅವುಗಳ ಫಸಲು ಚಾರ್ಮಾಡಿಯ ಮಾರ್ಗವಾಗಿ ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಗಳ ಮೂಲಕ ಮಂಗಳೂರಿನ ಬಂದರಿಗೆ ಸಾಗುತ್ತಿತ್ತು. ಕರಾವಳಿಯ ಉಪ್ಪು, ಒಣಮೀನುಗಳು ಘಟ್ಟದ ಮೇಲಕ್ಕೆ ಹೋಗುತ್ತಿದ್ದುವು. ಬಂಟ್ವಾಳದ ಸಿರಿಯು ಈ ಸರಕಿನ ಕೈಬದಲಾವಣೆಯಿಂದ ಬಂದುದು. ಹೇರೆತ್ತುಗಳ ಸಾಲಿನ ಜಾಗಕ್ಕೆ ಗಾಡಿಗಳ ಸಾಲು ಬಂದಾಗ ದಾರಿಯ ಬದಿಯ ಅಂಗಡಿ, ಕೆರೆ, ಕಟ್ಟೆಗಳಿಗೆ ಮೊದಲಿಗಿಂತ ಹೆಚ್ಚು ಕೆಲಸವೊದಗಿತು. ಗಾಡಿಯವರು ನೊಗ ಕಳಚಿ, ಒಲೆ ಹೂಡಿ ಗಂಜಿ ಬೇಯಿಸಿ, ರಾತ್ರಿಯ ತಂಪಿನಲ್ಲಿ ಮುಂದಕ್ಕೆ ಹೊರಡುತ್ತಿದ್ದರು.

4. ಬಂಗಲೆಯ ಜಗಲಿ

ಇದೇ ಕಾಲದಲ್ಲಿ ಮಾರ್ಗದ ಮೇಲೆ ಇನ್ನೊಂದು ಬಗೆಯ ವಿಶ್ರಾಂತಿಗೃಹವು ಕಾಣಿಸಿಕೊಂಡಿತು. ಅದೇ ಪ್ರವಾಸಿ ಬಂಗಲೆ. ಊರಿನ ಗದ್ದಲದಿಂದ ಸ್ವಲ್ಪ ದೂರ, ಸಾಮಾನ್ಯವಾಗಿ ಎತ್ತರದ ದಿಣ್ಣೆಯ ಮೇಲೆ, ಹಂಚು ಹೊದೆಸಿದ ಇಳಿಜಾರು ಮಾಡು. ಮುಂಭಾಗದಲ್ಲಿ ಅಗಲವಾದ ಜಗಲಿ. ಅಲ್ಲಿ ಉದ್ದನೆಯ ಕೈಗಳುಳ್ಳ ಬೆತ್ತದ ಆರಾಮಕುರ್ಚಿ. ಒಳಗೆ ಮಲಗುವ ಕೋಣೆ, ಅದಕ್ಕೆ ಹೊಂದಿದ ಸ್ನಾನದ ಕೋಣೆ. ಮೇಲೆ ಹಗ್ಗದಿಂದೆಳೆಯುವ ಬಟ್ಟೆಯ ಪಂಖ. ಹಿಂದೆ ಬೇರೆಯಾಗಿ ಅಡುಗೆಮನೆ ಮತ್ತು ಕುದುರೆ ಲಾಯ. ಮೇಜಿನ ಮೇಲೆ ಬಂದವರು ಹೆಸರನ್ನೂ ಹೊತ್ತನ್ನೂ ಬರೆಯಬೇಕಾದ ಪುಸ್ತಕ. ಮದ್ರಾಸ್ ಪ್ರಾಂತದ ಬಂಗಲೆಗಳ ಸಾಮಾನ್ಯ ಲಕ್ಷಣ ಇದು. ಸರಕಾರಿ ಕಾರ್ಯದ ಮೇಲೆ ಬಂದವರಿಗೆ ಅಲ್ಲಿ ಮೊದಲ ಹಕ್ಕು. ತೋಟಗಳ ಯುರೋಪಿಯನ್ ಒಡೆಯರೂ, ಜಮಾಬಂದಿಗೆ ಹೊರಟ ಅಧಿಕಾರಿಗಳೂ ಅದರ ನಿತ್ಯದ ಅತಿಥಿಗಳು.

ಈ ಬಂಗಲೆಗಳ ಮೇಲೆ ಇಂದು ಅನೇಕರಿಗೆ ವಿಶೇಷ ಮಮತೆಯಿದೆ. ಮಳೆಗಾಲದ ಸಂಜೆ ಆ ಜಗಲಿಯಲ್ಲಿ ಕುಳಿತು ಘಟ್ಟದ ಕಡೆಗೆ ನೋಡುವುದು ಸುಖಕರವಾದ ಅನುಭವವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಪಂಖದ ಕೆಳಗೆ ಕುಳಿತವನನ್ನು ನೆನೆಯುವಾಗ, ಗೋಡೆಯಾಚೆ ಕುಳಿತು ರಾತ್ರಿಯೆಲ್ಲ ಅದರ ಹಗ್ಗವನ್ನು ಎಳೆಯುತ್ತಿದ್ದವನನ್ನೂ ನೆನೆಯಬೇಕು. ಬಂಗಲೆಯ ಪುಸ್ತಕದಲ್ಲಿ ಮೊದಲನೆಯವನ ಹೆಸರುಂಟು, ಎರಡನೆಯವನದು ಇಲ್ಲ.

5. ಯಾರಿಗೆ ಆಸನ?

ಹಿಂದೆ ಹೇಳಿದ ಪಾತ್ರೆಯ ಪ್ರಸ್ತಾಪಕ್ಕೆ ಈಗ ಮರಳೋಣ. ಕಟ್ಟೆ, ಅರವಟ್ಟಿಗೆ, ಛತ್ರಗಳನ್ನು ನಮ್ಮ ಸಂಸ್ಕೃತಿಯ ಔದಾರ್ಯದ ಗುರುತುಗಳೆಂದು ಹೊಗಳುವುದು ಸುಲಭ. ಅವು ಹಾಗೆ ಇದ್ದುದೂ ನಿಜ. ಆದರೆ ಆ ಔದಾರ್ಯಕ್ಕೆ ಎಲ್ಲೆಯಿತ್ತು. ಅನೇಕ ಛತ್ರಗಳ ಅನ್ನವು ದತ್ತಿಯ ಮೂಲದಲ್ಲಿಯೇ ಬ್ರಾಹ್ಮಣ ಭೋಜನಕ್ಕೆ ಮೀಸಲಾಗಿದ್ದಿತು. ಅಸ್ಪೃಶ್ಯರೆನಿಸಿಕೊಂಡವರು ದೇವರು ಕುಳಿತುಕೊಳ್ಳುವ ಕಟ್ಟೆಯನ್ನು ಮುಟ್ಟುವಂತಿರಲಿಲ್ಲ. ಬಾವಿಯಿಂದ ನೀರು ಸೇದುವಂತಿರಲಿಲ್ಲ. ಮಾರ್ಗದಲ್ಲಿ ದೂರ ಸರಿದು ನಿಲ್ಲಬೇಕಾಗಿದ್ದಿತು. ಗದ್ದೆಯ ಅಕ್ಕಿಯನ್ನೂ ಕಾಡಿನ ಸೌದೆಯನ್ನೂ ಹೊತ್ತವರಲ್ಲಿ ಇವರು ಬಹುಮಂದಿ. ಅತಿ ಹೆಚ್ಚು ಭಾರ ಹೊತ್ತವನಿಗೆ ಅತಿ ಕಡಮೆ ಆಸನವೆಂಬುದು ಈ ಮಾರ್ಗದ ಇತಿಹಾಸದ ಕಹಿಯಾದ ಸತ್ಯ.

ಈ ಸ್ಥಿತಿಯನ್ನು ಬದಲಿಸಲು ನಡೆದ ಯತ್ನಗಳು ಈ ಜಿಲ್ಲೆಯಲ್ಲಿ ಬೇಗನೆ ಆರಂಭವಾದುವೆಂಬುದು ನಮಗೆ ಹೆಮ್ಮೆಯ ಸಂಗತಿ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಮಿಶನ್ನನ್ನು ಸ್ಥಾಪಿಸಿದರು. 1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ನಿಮಿತ್ತ ಗಾಂಧೀಜಿಯವರು ಕೊಡಗಿನಿಂದ ಇಳಿದು ಪುತ್ತೂರಿನ ಮಾರ್ಗವಾಗಿ ಮಂಗಳೂರಿಗೆ ಬಂದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನೂ, ಸರಕಾರದ ಹಣದಿಂದ ನಡೆಯುವ ಬಾವಿ, ಕೆರೆ, ರಸ್ತೆಗಳ ಉಪಯೋಗವನ್ನೂ ಜಾತಿಯ ಕಾರಣದಿಂದ ತಡೆಯಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರಿಸಿಯೇ, ಅವುಗಳ ಉಪಯೋಗಕ್ಕೆ ಅಡ್ಡಿಮಾಡುವುದನ್ನು ದಂಡನಾರ್ಹವಾಗಿಸಿತು. ಇಬ್ನ್ ಬತೂತನು ಕಂಡ ಬೊಗಸೆ ನೀರಿನಿಂದ ಈ ಕಾಯಿದೆಯವರೆಗೆ ಆರು ಶತಮಾನಗಳಿಗೂ ಮಿಕ್ಕಿದ ಕಾಲ ಹಿಡಿಯಿತು.

6. ವೇಗವೂ ಮರೆವೂ

ಆದರೆ ಇಲ್ಲಿ ಇತಿಹಾಸದ ಒಂದು ವಿಪರ್ಯಾಸವುಂಟು. ಆಸನವು ಎಲ್ಲರದಾಗುವ ಹೊತ್ತಿಗೆ ಆಸನವೇ ಮರೆಯಾಗತೊಡಗಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿಯು ಜಿಲ್ಲೆಯಲ್ಲಿ ಬಸ್ ಸಂಚಾರವನ್ನು ಆರಂಭಿಸಿತು. ಗಾಡಿಗೆ ಆರು ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಮೋಟಾರು ಒಂದು ಗಂಟೆಯಲ್ಲಿ ದಾಟಿತು. ದೋಣಿಯ ವ್ಯಾಪಾರ ಕುಗ್ಗಿದಂತೆ ಬಂಟ್ವಾಳದ ಹಳೆಯ ಪೇಟೆಯ ವೈಭವವೂ ಕುಗ್ಗಿತು. 1923ರ ಮತ್ತು 1974ರ ನೆರೆಗಳು ಆ ಪೇಟೆಗೆ ಇನ್ನಷ್ಟು ಪೆಟ್ಟು ಕೊಟ್ಟುವು. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗವು ತೆರೆದು, ಘಟ್ಟದ ಮೇಲಿನ ಸೀಮೆಗೆ ಇನ್ನೊಂದು ದಾರಿಯಾಯಿತು. ಬಸ್ಸು ನಿಲ್ಲುವ ಕಡೆಯಲ್ಲಿ ಕಾಫಿ ಹೋಟೆಲು ಹುಟ್ಟಿತು. ನಿಲ್ಲದ ಕಡೆಯ ಕಟ್ಟೆಯು ಕೇಳುವವರಿಲ್ಲದೆ ಉಳಿಯಿತು. ಮಾರ್ಗವನ್ನು ಅಗಲಿಸುವಾಗ ಮೊದಲು ಹೋಗುವುದು ಅಂಚಿನ ಮರ, ಅದರೊಡನೆ ಅದರ ಬುಡದ ಕಟ್ಟೆ. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಯವರೆಗಿನ ಹೆದ್ದಾರಿಯು ಇತ್ತೀಚಿನ ವರ್ಷಗಳಲ್ಲಿ ಅಗಲವಾಗಿದೆ. ಪ್ರಯಾಣ ಸುಗಮವಾಗಿದೆ, ಸಂತೋಷ. ಆದರೆ ಆ ಸುಗಮತೆಯಲ್ಲಿ ನಿಲ್ಲುವುದಕ್ಕೆ ಕಾರಣವೇ ಉಳಿದಿಲ್ಲ.

ಹಾಗಾದರೆ ಈ ಸಂಸ್ಥೆಗಳು ನಶಿಸಿದುದು ಜನರ ಔದಾರ್ಯ ಕುಂದಿದ್ದರಿಂದಲೇ? ಹಲವರು ಹಾಗೆ ಭಾವಿಸುತ್ತಾರೆ. ಈ ಅಭಿಪ್ರಾಯವು ಸರಿಯಲ್ಲವೆಂಬುದಕ್ಕೆ ಇದೇ ಮಾರ್ಗವು ವರ್ಷಕ್ಕೊಮ್ಮೆ ಸಾಕ್ಷಿ ಹೇಳುತ್ತದೆ. ಶಿವರಾತ್ರಿಯ ಕಾಲದಲ್ಲಿ ಘಟ್ಟದ ಮೇಲಿನ ಜಿಲ್ಲೆಗಳಿಂದ ಸಾವಿರಾರು ಭಕ್ತರು ಚಾರ್ಮಾಡಿಯನ್ನಿಳಿದು ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಆಗ ದಾರಿಯ ಬದಿಯಲ್ಲಿ ಚಪ್ಪರಗಳೇಳುತ್ತವೆ. ಮಜ್ಜಿಗೆ, ಪಾನಕ, ಕಲ್ಲಂಗಡಿ ಹಣ್ಣು ಹಂಚಲ್ಪಡುತ್ತವೆ. ಶಾಲೆಗಳ ಜಗಲಿಗಳು ಮಲಗುವ ತಾಣಗಳಾಗುತ್ತವೆ. ನಡೆಯುವ ಕಾಲುಗಳು ಮರಳಿ ಬಂದೊಡನೆ ಅರವಟ್ಟಿಗೆಯೂ ಮರಳಿ ಬರುತ್ತದೆ. ಆದುದರಿಂದ ಔದಾರ್ಯವು ನಾಶವಾಗಿಲ್ಲ. ಅದನ್ನು ಹೊರಗೆಳೆಯುವ ನಡಿಗೆಯು ವಿರಳವಾಗಿದೆ ಎಂದು ಹೇಳುವುದೇ ಯುಕ್ತ. ವಿಶ್ರಾಂತಿಸ್ಥಾನವು ಪ್ರಯಾಣದ ವೇಗದ ಕೂಸು. ವೇಗ ಬದಲಾದಾಗ ಅದು ಸಾಯುತ್ತದೆ, ಊರಿನ ಹೆಸರಿನಲ್ಲಿ ಮಾತ್ರ ಉಳಿಯುತ್ತದೆ.

ಈ ಜಿಲ್ಲೆಯ ರಾಜಕೀಯ ಇತಿಹಾಸವನ್ನು ಗಣಪತಿ ರಾವ್ ಐಗಳರು 1923ರಲ್ಲಿಯೂ, ಸಾಲೆತೂರರು 1936ರಲ್ಲಿಯೂ, ಕೆ.ವಿ. ರಮೇಶರು 1970ರಲ್ಲಿಯೂ, ಗುರುರಾಜ ಭಟ್ಟರು 1975ರಲ್ಲಿಯೂ ತಮ್ಮ ಗ್ರಂಥಗಳಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಅರಸರು ನಡೆದ ದಾರಿಯನ್ನು ಅವರು ತೋರಿಸಿಕೊಟ್ಟಿದ್ದಾರೆ; ಹೊರೆಯಾಳು ಕುಳಿತ ಕಲ್ಲನ್ನು ಹುಡುಕುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರಿನ ಕಟ್ಟೆ, ಬಾವಿ, ಛತ್ರಗಳನ್ನು ಅಳೆದು, ಚಿತ್ರಿಸಿ, ಹಿರಿಯರ ಬಾಯಿಂದ ಅವುಗಳ ವೃತ್ತಾಂತವನ್ನು ಬರೆದಿಡಬೇಕು. ಹಾಗೆ ಬರೆಯುವಾಗ ಎರಡು ಪ್ರಶ್ನೆಗಳನ್ನು ಮರೆಯದೆ ಕೇಳಬೇಕು. ಇಲ್ಲಿ ಯಾರು ಕುಳಿತರು? ಇಲ್ಲಿ ಕೂರಲಾಗದೆ ನಿಂತವರು ಯಾರು? ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಆದುದರಿಂದ ಈ ಕೆಲಸವು ಮುಂದೂಡತಕ್ಕುದಲ್ಲ.